ಪಿಸ್ಟನ್ ಶಬ್ದ, ನೀಲಿ ಹೊಗೆ, ಒಡೆದ ಲ್ಯಾಂಡ್: ಫೋರ್ಜ್ಡ್ ತರಿಸುವ ಮುನ್ನ ಮಾಡಬೇಕಾದ ದೋಷ ಪತ್ತೆ

ಪರ್ಫಾರ್ಮೆನ್ಸ್ ಎಂಜಿನ್‌ನಲ್ಲಿ ಪಿಸ್ಟನ್ ಹೋದ ಕೂಡಲೇ ಗ್ಯಾರೇಜಿನಲ್ಲಿ ಕೇಳಿಬರುವ ಮಾತು ಒಂದೇ: "ಕಾಸ್ಟ್ ಪಿಸ್ಟನ್ ತಡೀಲಿಲ್ಲ ಸಾರ್, ಫೋರ್ಜ್ಡ್ ಹಾಕಿಸಿಬಿಡಿ." ಕಾಸ್ಟ್ ಎಂದರೆ ಎರಕ ಹೊಯ್ದದ್ದು, ಫೋರ್ಜ್ಡ್ ಎಂದರೆ ಲೋಹವನ್ನು ಬಲವಾಗಿ ಅದುಮಿ ರೂಪಿಸಿದ್ದು. ಕೆಲವು ಸಲ ಆ ಮಾತು ನಿಜ. ಹೆಚ್ಚಿನ ಸಲ ಪಿಸ್ಟನ್ ಹೋಗಿರುವುದು ಬೇರೆ ಕಾರಣಕ್ಕೆ. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿಯುವುದು) ಆಗಿರುತ್ತದೆ, ಒಂದು ಇಂಜೆಕ್ಟರ್ ಅರ್ಧ ಕಟ್ಟಿಕೊಂಡಿರುತ್ತದೆ, ರಿಂಗ್ ಗ್ಯಾಪ್ (ಪಿಸ್ಟನ್ ರಿಂಗಿನ ಎರಡು ತುದಿಗಳ ನಡುವಿನ ಸಂದು) ಬಿಗಿಯಾಗಿರುತ್ತದೆ, ಇಲ್ಲವೇ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರ್ ರಂಧ್ರ) ತಪ್ಪು ಅಳತೆಗೆ ಹೊಡೆದಿರುತ್ತಾರೆ. ಆ ಕಾರಣ ಹಾಗೇ ಉಳಿದರೆ ಫೋರ್ಜ್ಡ್ ಪಿಸ್ಟನ್ನೂ ಹೋಗುತ್ತದೆ, ಸ್ವಲ್ಪ ತಡವಾಗಿ, ಇನ್ನಷ್ಟು ದುಡ್ಡು ತಿಂದು. ಆದ್ದರಿಂದ ಮೊದಲು ದೋಷ ಪತ್ತೆ, ಆಮೇಲೆ ಲೋಹದ ಆಯ್ಕೆ.

ಕೆಳಗಿನ ಅಳತೆಗಳಿಗೆಲ್ಲ ಉದಾಹರಣೆಯಾಗಿ 81 ಮಿ.ಮೀ. ಬೋರ್‌ನ, ಬೀಡುಕಬ್ಬಿಣದ ಬ್ಲಾಕ್‌ನ ಟರ್ಬೊ ಪೆಟ್ರೋಲ್ ಎಂಜಿನ್ ಇಟ್ಟುಕೊಂಡಿದ್ದೇವೆ. ಹಳೆಯ ಆಕ್ಟೇವಿಯಾ 1.8 ಟರ್ಬೊದ ಬೋರ್ ಇದೇ. ನಿಮ್ಮ ಎಂಜಿನ್ ಬೇರೆಯಾದರೆ ಲೆಕ್ಕ ಬೋರ್‌ಗೆ ತಕ್ಕಂತೆ ಬದಲಾಗುತ್ತದೆ. ಪಿಸ್ಟನ್ ಜೊತೆ ಬರುವ ಹಾಳೆಯಲ್ಲಿ ಬೇರೆ ಅಂಕಿ ಇದ್ದರೆ ಆ ಹಾಳೆಯ ಮಾತೇ ಕೊನೆ.

ಮೂರು ಲೋಹ, ಮೂರು ಗುಣ

ಕಂಪನಿ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಅಚ್ಚಿಗೆ ಎರಕ ಹೊಯ್ದ ಅಲ್ಯೂಮಿನಿಯಂ ಪಿಸ್ಟನ್. ಅದರಲ್ಲಿ ಸಿಲಿಕಾನ್ ಶೇ. 12ರ ಆಸುಪಾಸು. ಹೈಪರ್‌ಯುಟೆಕ್ಟಿಕ್ ಎಂಬ ಬಗೆಯಲ್ಲಿ ಶೇ. 16ರಿಂದ 18. ಸಿಲಿಕಾನ್ ಹೆಚ್ಚಿದಷ್ಟೂ ಬಿಸಿಗೆ ಹಿಗ್ಗುವುದು ಕಡಿಮೆ, ಸವೆತ ಕಡಿಮೆ, ಆದರೆ ಪೆಡಸು ಜಾಸ್ತಿ. ಪೆಟ್ಟು ಬಿದ್ದರೆ ಬಾಗುವುದಿಲ್ಲ, ಒಡೆಯುತ್ತದೆ. ಫೋರ್ಜ್ಡ್‌ನಲ್ಲಿ ಎರಡು ಮಿಶ್ರಲೋಹ. 4032ರಲ್ಲಿ ಸಿಲಿಕಾನ್ ಶೇ. 12ರಷ್ಟಿದೆ. 2618ರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಹಾಗಾಗಿ ಪೆಟ್ಟು ತಿಂದು ಬಾಗಿದರೂ ತುಂಡಾಗುವುದು ವಿರಳ.

ಇದಕ್ಕೆ ತೆರಬೇಕಾದ ಬೆಲೆ ಹಿಗ್ಗುವಿಕೆ. 81 ಮಿ.ಮೀ. ಪಿಸ್ಟನ್ 100 ಡಿಗ್ರಿ ಬಿಸಿಯೇರಿದರೆ 2618 ಸುಮಾರು 0.18 ಮಿ.ಮೀ. ಹಿಗ್ಗುತ್ತದೆ, 4032 ಸುಮಾರು 0.16, ಹೆಚ್ಚು ಸಿಲಿಕಾನ್‌ನ ಕಾಸ್ಟ್ ಸುಮಾರು 0.15. ಬೀಡುಕಬ್ಬಿಣದ ಬೋರ್ ಅದರ ಅರ್ಧದಷ್ಟೇ ಹಿಗ್ಗುವುದು. ಬಿಸಿಯಾದಾಗ ಸಿಕ್ಕಿಹಾಕಿಕೊಳ್ಳದಿರಲೆಂದು ತಣ್ಣಗಿರುವಾಗಲೇ ಹೆಚ್ಚು ಸಂದು ಬಿಡಬೇಕು. ನಮ್ಮ ಬೋರ್‌ಗೆ ಕಾಸ್ಟ್ ಆದರೆ 0.03ರಿಂದ 0.045 ಮಿ.ಮೀ., 4032 ಆದರೆ 0.05ರಿಂದ 0.065, ಟರ್ಬೊಗೆ 2618 ಆದರೆ 0.075ರಿಂದ 0.095. ಬೆಳಗಿನ ಟಕಟಕ ಶಬ್ದವೂ ಇಲ್ಲಿಂದಲೇ, ಸೀಜ್ ಆಗುವುದೂ ಇಲ್ಲಿಂದಲೇ.

ಶಬ್ದ: ಯಾವುದು ಸಹಜ, ಯಾವುದು ದೋಷ

ರಾತ್ರಿಯಿಡೀ ನಿಂತ ಎಂಜಿನ್ ಶುರು ಮಾಡಿ ಕೇಳಿ. ಫೋರ್ಜ್ಡ್ ಪಿಸ್ಟನ್ ಸ್ಲ್ಯಾಪ್ (ಪಿಸ್ಟನ್ ಬೋರ್ ಗೋಡೆಗೆ ಬಡಿಯುವ ಶಬ್ದ) ಟೊಳ್ಳು ದನಿಯದು, ಬ್ಲಾಕಿನ ಮೇಲ್ಭಾಗದಿಂದ ಬರುತ್ತದೆ, ಕಡಿಮೆ ಆರ್‌ಪಿಎಂನಲ್ಲಿ ಲೋಡ್ ಕೊಟ್ಟರೆ ಹೆಚ್ಚುತ್ತದೆ. ಕೂಲಂಟ್ 70 ಡಿಗ್ರಿ ದಾಟುವ ಹೊತ್ತಿಗೆ ಅಡಗಿದರೆ ಅದು ಸಹಜ, ಎಂಜಿನ್ ಬಿಚ್ಚುವ ಅಗತ್ಯವಿಲ್ಲ. ಇಪ್ಪತ್ತು ನಿಮಿಷ ಓಡಿಸಿ, ಆಯಿಲ್ ಕೂಡ ಬಿಸಿಯಾದ ಮೇಲೂ ಉಳಿದರೆ ದೋಷ: ಸಂದು ಹೆಚ್ಚಾಗಿದೆ ಅಥವಾ ಸ್ಕರ್ಟ್ (ಪಿಸ್ಟನ್ನಿನ ಕೆಳಬದಿ) ಕುಗ್ಗಿದೆ. ಬೆಂಗಳೂರಿನ ಡಿಸೆಂಬರ್-ಜನವರಿ ಬೆಳಗಿನಲ್ಲಿ ಶಬ್ದ ಹೆಚ್ಚು ಹೊತ್ತು ಉಳಿಯುವುದು ಸಹಜ, ಅದನ್ನು ಏಪ್ರಿಲ್ ತಿಂಗಳಿನದಕ್ಕೆ ಹೋಲಿಸಬೇಡಿ. ಕಾಸ್ಟ್ ಪಿಸ್ಟನ್ ಎಂಜಿನ್‌ಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಸ್ಲ್ಯಾಪ್ ಕೇಳಿದರೆ ಸವೆತವೇ.

ಸಿಲಿಂಡರ್ ಗುರುತಿಸಲು ಒಂದೊಂದೇ ಇಂಜೆಕ್ಟರ್ ಕನೆಕ್ಟರ್ ಕಿತ್ತು ನೋಡಿ. ಕಾಯಿಲ್ ಕಿತ್ತರೆ ಸುಡದ ಪೆಟ್ರೋಲ್ ಬೋರ್‌ನ ಆಯಿಲ್ ತೊಳೆಯುತ್ತದೆ, ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತದೆ, ಬೇಡ. ಇಂಜೆಕ್ಟರ್ ಕಿತ್ತಾಗ ಶಬ್ದ ತಗ್ಗಿದರೆ ಆ ಸಿಲಿಂಡರಿನ ಪಿಸ್ಟನ್ ಅಥವಾ ಬಿಗ್ ಎಂಡ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವ ತುದಿ). ಇವೆರಡನ್ನು ಬೇರೆ ಮಾಡುವುದು ಬಿಸಿ: ಸ್ಲ್ಯಾಪ್ ಬಿಸಿಯಾದಂತೆ ಇಳಿಯುತ್ತದೆ, ಬಿಗ್ ಎಂಡ್ ಬೇರಿಂಗ್ ಶಬ್ದ ಆಯಿಲ್ ತೆಳ್ಳಗಾದಂತೆ ಏರುತ್ತದೆ, ಆಯಿಲ್ ಪ್ರೆಷರ್ ಕೂಡ ಬಿದ್ದಿರುತ್ತದೆ. ಬಿಗ್ ಎಂಡ್ ಎಂದು ಅನುಮಾನ ಬಂದರೆ ಎಂಜಿನ್ ಅಲ್ಲೇ ನಿಲ್ಲಿಸಿ, ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡಿ. ಐಡಲ್‌ನಲ್ಲಿ ಜೋಡಿ ಬಡಿತದ ಚುರುಕು ಶಬ್ದ ಪಿಸ್ಟನ್ ಪಿನ್ನಿನದು. ಇಂಜೆಕ್ಟರ್ ಕಿತ್ತರೂ ಏನೇನೂ ಬದಲಾಗದೆ, ಕ್ರ್ಯಾಂಕಿನ ಅರ್ಧ ವೇಗದಲ್ಲಿ ಬಡಿಯುವುದು ವಾಲ್ವ್ ತಳ್ಳುವ ಟ್ಯಾಪೆಟ್.

ಇನ್ನೊಂದು ಮೋಸಗಾರ ಶಬ್ದವಿದೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸ್ಟಡ್ ತುಂಡಾಗಿದ್ದರೆ ತಣ್ಣಗಿರುವಾಗ ಟಿಕ್ ಟಿಕ್ ಎನ್ನುತ್ತದೆ, ಬಿಸಿಯಾಗಿ ಲೋಹ ಹಿಗ್ಗಿದ ಮೇಲೆ ಸಂದು ಮುಚ್ಚಿ ಸುಮ್ಮನಾಗುತ್ತದೆ. ನಡವಳಿಕೆ ಥೇಟ್ ಪಿಸ್ಟನ್ ಸ್ಲ್ಯಾಪ್‌ನದೇ. ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಮಸಿಯ ಗೆರೆ ಇದೆಯೇ ನೋಡಿ. ಎಂಜಿನ್ ಇಳಿಸುವ ಮುನ್ನ ಇದನ್ನು ನೋಡದಿದ್ದರೆ ಅದು ಅಕ್ಷಮ್ಯ.

ಕಂಪ್ರೆಷನ್ ಮತ್ತು ಲೀಕ್‌ಡೌನ್

ಬಿಸಿ ಎಂಜಿನ್, ಎಲ್ಲ ಪ್ಲಗ್ ಹೊರಗೆ, ಇಂಜೆಕ್ಟರ್ ಮತ್ತು ಇಗ್ನಿಷನ್ ಫ್ಯೂಸ್ ಕಿತ್ತಿಟ್ಟು, ಥ್ರಾಟಲ್ ಪೂರ್ತಿ ತೆರೆದು, ಪ್ರತಿ ಸಿಲಿಂಡರಿಗೂ ಕಂಪ್ರೆಷನ್ ಗೇಜ್ ಹಾಕಿ ಐದಾರು ಸುತ್ತು ಸ್ಟಾರ್ಟರ್ ತಿರುಗಿಸಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಇಲ್ಲಿನ ಗಾಳಿಯ ಒತ್ತಡ ಸುಮಾರು ಶೇ. 10ರಷ್ಟು ಕಡಿಮೆ. ಮ್ಯಾನ್ಯುಯಲ್‌ನಲ್ಲಿ 12 ಬಾರ್ ಎಂದಿದ್ದರೆ ಇಲ್ಲಿ ಆರೋಗ್ಯವಂತ ಎಂಜಿನ್ 10.8ರ ಸುತ್ತ ತೋರಿಸುತ್ತದೆ. ಇದನ್ನು ಮರೆತು ಒಳ್ಳೆಯ ಎಂಜಿನ್ ಬಿಚ್ಚಿಸಬೇಡಿ. ಒಟ್ಟು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸ ಮುಖ್ಯ. ಶೇ. 10ಕ್ಕಿಂತ ಹೆಚ್ಚು ಅಂತರ ಬಂದರೆ ಕಡಿಮೆ ಇರುವುದಕ್ಕೆ 10 ಮಿ.ಲೀ. ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ರಿಂಗು ಅಥವಾ ಬೋರ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಇನ್ನೂ ನಂಬಿಕಸ್ತ. ಪಿಸ್ಟನ್ನನ್ನು ಕಂಪ್ರೆಷನ್‌ನ ಟಾಪ್ ಡೆಡ್ ಸೆಂಟರ್‌ಗೆ (ಅತಿ ಮೇಲಿನ ತುದಿಗೆ) ತಂದು ಕ್ರ್ಯಾಂಕ್ ಗಟ್ಟಿಯಾಗಿ ಹಿಡಿಸಿ, 7 ಬಾರ್ ಗಾಳಿ ಕೊಡಿ. ಕ್ರ್ಯಾಂಕ್ ತಿರುಗಿಬಿಟ್ಟರೆ ಸ್ಪ್ಯಾನರ್ ಹಿಡಿದ ಕೈ ಮುರಿಯುತ್ತದೆ, ಎಚ್ಚರ. ಫೋರ್ಜ್ಡ್ ಎಂಜಿನ್‌ಗೆ ಈ ಪರೀಕ್ಷೆ ಬಿಸಿಯಲ್ಲೇ ಆಗಬೇಕು. ತಣ್ಣಗಿರುವಾಗ ದೊಡ್ಡ ಸಂದು, ದೊಡ್ಡ ರಿಂಗ್ ಗ್ಯಾಪ್‌ನಿಂದ ಸುಳ್ಳು ಸೋರಿಕೆ ತೋರುತ್ತದೆ. ಶೇ. 10ರ ಒಳಗಿದ್ದರೆ ಚೆನ್ನಾಗಿದೆ. ಟರ್ಬೊಗೆಂದು ಗ್ಯಾಪ್ ದೊಡ್ಡದಿಟ್ಟ ಎಂಜಿನ್‌ನಲ್ಲಿ 15ರವರೆಗೆ ಒಪ್ಪಬಹುದು. 20 ದಾಟಿದರೆ ಗಾಳಿ ಎಲ್ಲಿ ಹೋಗುತ್ತಿದೆ ಕಿವಿಗೊಟ್ಟು ಕೇಳಿ: ಆಯಿಲ್ ಮುಚ್ಚಳದಲ್ಲಿ ಬುಸುಗುಟ್ಟಿದರೆ ರಿಂಗು, ಥ್ರಾಟಲ್‌ನಲ್ಲಿ ಇನ್‌ಟೇಕ್ ವಾಲ್ವ್, ಸೈಲೆನ್ಸರ್‌ನಲ್ಲಿ ಎಕ್ಸಾಸ್ಟ್ ವಾಲ್ವ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್.

ಹೊಗೆ ಯಾವಾಗ ಬರುತ್ತದೆ

ನೀಲಿ ಹೊಗೆ ಕಂಡಾಕ್ಷಣ ರಿಂಗು ಎಂದು ತೀರ್ಮಾನಿಸಬೇಡಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ಹತ್ತು ನಿಮಿಷ ಐಡಲ್‌ನಲ್ಲಿ ನಿಂತು ಹೊರಟಾಗ ಒಂದು ಮೋಡ ಬಂದು ಹೋದರೆ ವಾಲ್ವ್ ಸೀಲ್ ಅಥವಾ ಟರ್ಬೊದ ಆಯಿಲ್ ವಾಪಸಾತಿ ಪೈಪು. ಟರ್ಬೊ ಹೊರಪೈಪ್ ಬಿಚ್ಚಿ ಒಳಗೆ ಆಯಿಲ್ ನಿಂತಿದೆಯೇ ನೋಡಿ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಬಂದರೂ ವಾಲ್ವ್ ಗೈಡ್ ಕಡೆಯೇ ಬೆರಳು. ಲೋಡ್‌ನಲ್ಲಿ ಬಿಡದೆ ಹೊಗೆ ಬರುತ್ತಿದ್ದರೆ ಆಗ ರಿಂಗು. ಸಮತಟ್ಟಾದ ಒಂದೇ ಜಾಗದಲ್ಲಿ, ನಿಲ್ಲಿಸಿದ ಹತ್ತು ನಿಮಿಷದ ನಂತರ ಡಿಪ್‌ಸ್ಟಿಕ್ ನೋಡಿ, 1000 ಕಿ.ಮೀ.ಗೆ ಎಷ್ಟು ಹಾಕಬೇಕಾಯಿತು ಬರೆದಿಡಿ. ರನ್-ಇನ್ (ಹೊಸ ಭಾಗಗಳು ಪಳಗುವ ಮೊದಲ ಓಡಾಟ) ಮುಗಿದ ಎಂಜಿನ್‌ನಲ್ಲಿ ಅರ್ಧ ಲೀಟರ್ ದಾಟಿದರೆ ಬಿಚ್ಚುವ ಮಾತಾಡಬಹುದು.

ಬಿಚ್ಚುವ ಮೊದಲು ಪ್ಲಗ್ ರಂಧ್ರದಿಂದ ಕ್ಯಾಮೆರಾ ಇಳಿಸಿ. ಪಿಸ್ಟನ್ ತಲೆಯ ಅಂಚು ಮಾತ್ರ ತೊಳೆದಂತೆ ಹೊಳೆಯುತ್ತಿದ್ದರೆ ಆಯಿಲ್ ರಿಂಗಿನ ಕಡೆಯಿಂದ ಮೇಲೆ ಬರುತ್ತಿದೆ. ಬೋರ್‌ನಲ್ಲಿ ಉದ್ದುದ್ದ ಗೆರೆ ಕಂಡರೆ ಸ್ಕಫಿಂಗ್, ಅಂದರೆ ಲೋಹಕ್ಕೆ ಲೋಹ ಉಜ್ಜಿದೆ. ಪ್ಲಗ್‌ನ ಬಿಳಿ ಪಿಂಗಾಣಿಯ ಮೇಲೆ ಕಾಳುಮೆಣಸಿನ ಪುಡಿ ಎರಚಿದಂತೆ ಕಪ್ಪು ಅಥವಾ ಬೆಳ್ಳಿ ಚುಕ್ಕೆ ಇದ್ದರೆ ನಾಕಿಂಗ್ ಆಗಿದೆ. ಬೆಳ್ಳಿಯದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ.

ಸತ್ತ ಪಿಸ್ಟನ್ ಓದುವುದು

ಲೋಹದ ಆಯ್ಕೆ ನಿಜವಾಗಿ ನಿರ್ಧಾರವಾಗುವುದು ಇಲ್ಲಿ. ಹಳೆಯ ಪಿಸ್ಟನ್ನನ್ನು ತೊಳೆಯುವ ಮುನ್ನ, ಯಾವ ಸಿಲಿಂಡರ್, ಯಾವ ಕಡೆ ಎಕ್ಸಾಸ್ಟ್ ಎಂದು ಮಾರ್ಕರ್‌ನಲ್ಲಿ ಬರೆದು ಫೋಟೊ ತೆಗೆಯಿರಿ. ಗುಜರಿಗೆ ಹಾಕಿಬಿಟ್ಟರೆ ಸಾಕ್ಷ್ಯವೇ ಹೋಯಿತು.

ಕಾಸ್ಟ್ ಪಿಸ್ಟನ್‌ನಲ್ಲಿ ಒಂದನೇ ಮತ್ತು ಎರಡನೇ ರಿಂಗಿನ ನಡುವಿನ ಪಟ್ಟಿ, ಅಂದರೆ ಲ್ಯಾಂಡ್, ಒಡೆದಿದ್ದರೆ ಮೊದಲು ನೋಡಬೇಕಾದ್ದು ರಿಂಗಿನ ಎರಡು ತುದಿ. ತುದಿಗಳು ಕನ್ನಡಿಯಂತೆ ಹೊಳೆಯುತ್ತಿದ್ದರೆ ಬಿಸಿಯಲ್ಲಿ ಒಂದಕ್ಕೊಂದು ತಾಗಿವೆ. ರಿಂಗಿಗೆ ಹಿಗ್ಗಲು ಜಾಗವಿಲ್ಲದೆ ಬೋರ್‌ಗೆ ಕಚ್ಚಿ ಲ್ಯಾಂಡ್ ಕಿತ್ತಿದೆ. ತಪ್ಪು ಜೋಡಣೆಯದು, ಲೋಹದ್ದಲ್ಲ. ತುದಿಗಳು ಮಾಸಲಾಗಿದ್ದು, ತಲೆಯ ಅಂಚಿನಲ್ಲಿ ಸಣ್ಣ ಗುಳಿಗಳಿದ್ದರೆ ಅದು ನಾಕಿಂಗ್. ಅದೇ ನಾಕಿಂಗ್ ಫೋರ್ಜ್ಡ್‌ನಲ್ಲಿ ಬೇರೆ ಮುಖ ತೋರಿಸುತ್ತದೆ. ಲ್ಯಾಂಡ್ ಒಡೆಯದೆ ಕೆಳಕ್ಕೆ ಬಾಗಿ ರಿಂಗನ್ನು ಗ್ರೂವ್‌ನಲ್ಲೇ ಅದುಮಿಡುತ್ತದೆ. ಎಂಜಿನ್ ಓಡುತ್ತಲೇ ಇರುತ್ತದೆ, ಕಂಪ್ರೆಷನ್ ಮೆಲ್ಲಗೆ ಇಳಿಯುತ್ತದೆ. ಫೋರ್ಜ್ಡ್ ಕೊಡುವ ನಿಜವಾದ ಲಾಭ ಇದು: ಚೂರಾಗಿ ಹೆಡ್, ಟರ್ಬೊ, ಬೋರ್ ಎಲ್ಲವನ್ನೂ ಒಟ್ಟಿಗೆ ಹಾಳುಮಾಡುವುದರ ಬದಲು ಎಚ್ಚರಿಕೆ ಕೊಟ್ಟು ಹೋಗುತ್ತದೆ.

ತಲೆಯ ನಡುವೆ ತೂತು ಬಿದ್ದಿದ್ದರೆ ಪ್ರೀ-ಇಗ್ನಿಷನ್ (ಕಿಡಿಗೆ ಮುನ್ನವೇ ಇಂಧನ ಹೊತ್ತಿಕೊಳ್ಳುವುದು). ಪ್ಲಗ್ ಆ ಎಂಜಿನ್‌ಗೆ ಹೆಚ್ಚು ಬಿಸಿ ರೇಂಜಿನದು, ಇಲ್ಲವೇ ಕಾರ್ಬನ್ ಕೆಂಡವಾಗಿದೆ. ಇದನ್ನು ಯಾವ ಫೋರ್ಜಿಂಗೂ ತಡೆಯದು. ಅಲ್ಯೂಮಿನಿಯಂ ಕರಗುವ ಬಿಸಿ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಒಂದೇ ಸಿಲಿಂಡರಿನಲ್ಲಿ ಎಕ್ಸಾಸ್ಟ್ ಕಡೆಯ ಅಂಚು ಕರಗಿದ್ದರೆ ಆ ಇಂಜೆಕ್ಟರನ್ನು ಫ್ಲೋ ಬೆಂಚಿಗೆ ಹಾಕಿ. ನಾಲ್ಕೂ ಕರಗಿದ್ದರೆ ಕಾರಿನ ಇಂಧನ ಪಂಪ್ ಅಥವಾ ಟ್ಯೂನ್ (ಇಂಧನ, ಟೈಮಿಂಗ್‌ನ ಹೊಂದಿಕೆ).

ಸ್ಕರ್ಟಿನ ಗುರುತುಗಳೂ ಮಾತಾಡುತ್ತವೆ. ಎರಡೂ ಕಡೆ ಉದ್ದಕ್ಕೂ ಉಜ್ಜಿದ್ದರೆ ಸಂದು ಕಡಿಮೆ. ಥ್ರಸ್ಟ್ ಕಡೆ (ಪಿಸ್ಟನ್ ಬೋರ್‌ಗೆ ಒತ್ತುವ ಕಡೆ) ಮಾತ್ರ ಒಣಗಿ ಉಜ್ಜಿದ್ದರೆ ಆಯಿಲ್ ಸಾಲಲಿಲ್ಲ ಅಥವಾ ಪೆಟ್ರೋಲ್ ತೊಳೆದಿದೆ. ಪಿನ್ನಿನ ಅಕ್ಕಪಕ್ಕ ನಾಲ್ಕು ಮೂಲೆಯಲ್ಲಿ ಗುರುತಿದ್ದರೆ ಪಿಸ್ಟನ್ ಬೋರ್‌ಗಿಂತ ಬೇಗ ಬಿಸಿಯಾಗಿದೆ: ಎಂಜಿನ್ ತಣ್ಣಗಿರುವಾಗಲೇ ಬೂಸ್ಟ್ (ಟರ್ಬೊದ ಗಾಳಿ ಒತ್ತಡ) ಕೊಟ್ಟಿದ್ದಾರೆ, ಇಲ್ಲವೇ ಪಿನ್ ಬಿಗಿಯಿದೆ. ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ ಓರೆಯಾಗಿ ಸವೆದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿದೆ. ಅದೇ ರಾಡ್‌ಗೆ ಹೊಸ ಪಿಸ್ಟನ್ ಹಾಕಿದರೆ ಪಿನ್ ಹಿಡಿದಿಡುವ ಸರ್ಕ್ಲಿಪ್ ಹೊರಬಂದು ಬೋರ್ ಸೀಳುವ ಅಪಾಯವಿದೆ.

ನಾಕಿಂಗ್ ಕಾರಣ ಬೇರುಸಹಿತ ಹುಡುಕಿ

ಈಗ ಪಂಪ್‌ಗಳಲ್ಲಿ ಸಿಗುವುದು ಇ20 ಪೆಟ್ರೋಲ್, ಅಂದರೆ ಶೇ. 20 ಎಥನಾಲ್ ಬೆರೆತದ್ದು. ಬರೀ ಪೆಟ್ರೋಲ್‌ಗೆ ಗಾಳಿ-ಇಂಧನ ಅನುಪಾತ 14.7 ಇದ್ದರೆ ಇದಕ್ಕೆ ಸುಮಾರು 13.5. ಹಳೆಯ ಇ10ಕ್ಕೆ ಮಾಡಿದ ಮ್ಯಾಪ್‌ಗೆ (ಎಂಜಿನ್ ಕಂಪ್ಯೂಟರಿನ ಇಂಧನ ಲೆಕ್ಕ) ಸುಮಾರು ಶೇ. 4, ಎಥನಾಲ್ ಇಲ್ಲದ ಕಾಲದ ಮ್ಯಾಪ್ ಅಥವಾ ಕಾರ್ಬ್ಯುರೇಟರ್‌ಗೆ ಶೇ. 8ರಿಂದ 9ರಷ್ಟು ಇಂಧನ ಕಡಿಮೆ ಬೀಳುತ್ತದೆ. ನಿಧಾನ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಇಸಿಯು (ಎಂಜಿನ್ ಕಂಪ್ಯೂಟರ್) ಸರಿಮಾಡಿಕೊಳ್ಳುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ ಹಲವು ಹಳೆಯ ಇಸಿಯುಗಳು ಸೆನ್ಸರ್ ಕಡೆ ನೋಡುವುದೇ ಇಲ್ಲ, ಪಿಸ್ಟನ್ ಸುಡುವುದು ಆಗಲೇ. ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿ ಲ್ಯಾಂಬ್ಡಾದಲ್ಲೇ (ಆಯಾ ಇಂಧನದ ಸರಿಯಾದ ಅನುಪಾತವನ್ನು 1 ಎಂದು ಹಿಡಿದ ಲೆಕ್ಕ) ಓದಿ. ಟರ್ಬೊಗೆ ಪೂರ್ತಿ ಲೋಡ್‌ನಲ್ಲಿ 0.80ರಿಂದ 0.85, ಟರ್ಬೊ ಇಲ್ಲದ್ದಕ್ಕೆ 0.86ರಿಂದ 0.88. ಇಂಧನ ಯಾವುದಾದರೂ ಲ್ಯಾಂಬ್ಡಾದ ಅರ್ಥ ಬದಲಾಗದು.

ಜಾಮ್‌ನಲ್ಲಿ ನಿಂತು ಬಿಸಿಯಾದ ಇಂಟರ್‌ಕೂಲರ್‌ನೊಂದಿಗೆ ತಕ್ಷಣ ಪೂರ್ತಿ ಬೂಸ್ಟ್ ಕೊಡುವುದು ಈ ಊರಿನ ವಿಶೇಷ ಕಾಯಿಲೆ. ಒಳಬರುವ ಗಾಳಿಯ ಬಿಸಿ ಮತ್ತು ನಾಕ್ ಸೆನ್ಸರ್ ಎಷ್ಟು ಡಿಗ್ರಿ ಟೈಮಿಂಗ್ ಹಿಂದೆಳೆಯುತ್ತಿದೆ ಎಂಬುದನ್ನು ಲಾಗ್ ಮಾಡಿ. ಒಂದೇ ಸಿಲಿಂಡರಿನಲ್ಲಿ ಪದೇಪದೇ 4 ಡಿಗ್ರಿ ಮೀರಿದರೆ ಆ ಟ್ಯೂನ್‌ನೊಂದಿಗೆ ಯಾವ ಪಿಸ್ಟನ್ನನ್ನೂ ಹಾಕಬೇಡಿ.

ಈಗ ಆಯ್ಕೆ

ಟರ್ಬೊ ಇಲ್ಲ, ರೆಡ್‌ಲೈನ್ ಕಂಪನಿಯದೇ ಅಥವಾ ಸ್ವಲ್ಪ ಮೇಲೆ, ದಿನವೂ ಆಫೀಸಿಗೆ ಓಡಾಟ: ಒಳ್ಳೆಯ ಕಾಸ್ಟ್ ಪಿಸ್ಟನ್ ಸಾಕು. ಉಳಿದ ಹಣ ಟ್ಯೂನಿಂಗ್‌ಗೆ ಮತ್ತು ಸರಿಯಾದ ಹೋನಿಂಗ್‌ಗೆ (ಬೋರ್ ಒಳಮೈ ಉಜ್ಜಿ ಅಳತೆಗೆ ತರುವುದು) ಹೋಗಲಿ. ದಿನಬಳಕೆಯ ಜೊತೆಗೆ ಮಿತವಾದ ಬೂಸ್ಟ್, ಆಗಾಗ ಟ್ರ್ಯಾಕ್ ಇದ್ದರೆ ನಮ್ಮ ಮತ 4032ಕ್ಕೆ. ಬೆಂಗಳೂರಿನ ರಸ್ತೆ ಕಾರಿಗೆ ಇದಕ್ಕಿಂತ ಹೊಂದುವ ಲೋಹವಿಲ್ಲ. ಶಬ್ದ ಕಡಿಮೆ, ಸಂದು ಬಿಗಿ, ಸವೆತ ನಿಧಾನ. 1 ಬಾರ್‌ಗಿಂತ ತುಂಬ ಹೆಚ್ಚು ಬೂಸ್ಟ್, ನೈಟ್ರಸ್, ಗಂಟೆಗಟ್ಟಲೆ ಟ್ರ್ಯಾಕ್ ಇದ್ದರೆ ಮಾತ್ರ 2618. ದಿನಕ್ಕೆ ಮೂರು ಕಿ.ಮೀ. ಓಡಿ ನಿಲ್ಲುವ ಕಾರಿಗೆ 2618 ಹಾಕಿದರೆ ಪಿಸ್ಟನ್ ಎಂದೂ ತನ್ನ ಅಳತೆಗೆ ಬರುವುದಿಲ್ಲ. ಬ್ಲೋ-ಬೈ (ರಿಂಗು ದಾಟಿ ಕೆಳಗೆ ಸೋರುವ ಅನಿಲ) ಹೆಚ್ಚಿ ಆಯಿಲ್‌ಗೆ ಪೆಟ್ರೋಲ್ ಸೇರುತ್ತದೆ, ಡಿಪ್‌ಸ್ಟಿಕ್ ಮೂಸಿದರೇ ಗೊತ್ತಾಗುತ್ತದೆ.

ಫೋರ್ಜ್ಡ್ ಎಂದರೆ ಹಗುರ ಎಂದೇನಿಲ್ಲ. ಪಿನ್ ಸಮೇತ ಹಳೆಯದು, ಹೊಸದು ಎರಡನ್ನೂ ತೂಗಿ. ನಾಲ್ಕೂ ಪಿಸ್ಟನ್‌ಗಳ ನಡುವೆ 1 ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬೇಡ.

ಅಳತೆ, ಬೋರ್, ರಿಂಗ್ ಗ್ಯಾಪ್

ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಹೊಡೆಸಿ. ಪೆಟ್ಟಿಗೆಯ ಮೇಲಿನ ಅಂಕಿ ನಂಬಿ ಪೀಣ್ಯಕ್ಕೆ ಬ್ಲಾಕ್ ಕಳಿಸಬೇಡಿ, ಪಿಸ್ಟನ್‌ಗಳನ್ನೂ ಜೊತೆಗೆ ಕೊಡಿ. ಪಿಸ್ಟನ್ ಪೂರ್ತಿ ದುಂಡಗಿಲ್ಲ, ನೇರವೂ ಇಲ್ಲ. ಹಾಳೆಯಲ್ಲಿ ಹೇಳಿದ ಎತ್ತರದಲ್ಲಿ, ಪಿನ್‌ಗೆ ಅಡ್ಡಲಾಗಿ ಮಾತ್ರ ಮೈಕ್ರೋಮೀಟರ್ ಹಿಡಿಯಬೇಕು. ಬೇರೆಡೆ ಅಳೆದರೆ 0.1 ಮಿ.ಮೀ.ಗೂ ಹೆಚ್ಚು ತಪ್ಪಬಹುದು. ಸ್ಕರ್ಟ್‌ಗೆ ಕೋಟಿಂಗ್ ಇದ್ದರೆ ಅಳತೆ ಅದನ್ನು ಸೇರಿಸಿಯೋ ಬಿಟ್ಟೋ ಎಂದು ಹಾಳೆಯಲ್ಲಿ ನೋಡಿ. ಬ್ಲಾಕ್ ಮತ್ತು ಪಿಸ್ಟನ್ ರಾತ್ರಿಯಿಡೀ ಒಂದೇ ಕೋಣೆಯಲ್ಲಿರಲಿ. 10 ಡಿಗ್ರಿ ವ್ಯತ್ಯಾಸವಿದ್ದರೆ ಪಿಸ್ಟನ್ ಅಳತೆ 0.015ರಿಂದ 0.018 ಮಿ.ಮೀ. ಬದಲಾಗುತ್ತದೆ, ಕಾಸ್ಟ್ ಪಿಸ್ಟನ್ ಸಂದಿನ ಅರ್ಧಕ್ಕೆ ಹತ್ತಿರ.

ಲೇತ್ ಅಂಗಡಿಗೆ "ಮೂರು ಗ್ಯಾಪ್ ಕೊಡಿ" ಎಂದು ಬಾಯಲ್ಲಿ ಹೇಳಬೇಡಿ. ಮೂರು ಥೌ (ಇಂಚಿನ ಸಾವಿರದಲ್ಲಿ ಮೂರು) ಎಂದರೆ 0.076 ಮಿ.ಮೀ., ಮಿಲಿಮೀಟರಿನ ನೂರರಲ್ಲಿ ಮೂರು ಎಂದರೆ 0.03. ಎರಡನೆಯದು 2618 ಪಿಸ್ಟನ್‌ಗೆ ಖಚಿತ ಸೀಜ್. ಚೀಟಿಯಲ್ಲಿ ಮಿ.ಮೀ.ನಲ್ಲೇ ಬರೆದುಕೊಡಿ. ಟಾರ್ಕ್ ಪ್ಲೇಟ್ (ಹೆಡ್ ಬದಲಿಗೆ ಬಿಗಿಯುವ ದಪ್ಪ ತಟ್ಟೆ) ಹಾಕಿ ಹೋನ್ ಮಾಡುವ ಅಂಗಡಿಯನ್ನೇ ಹುಡುಕಿ. ಹೆಡ್ ಬೋಲ್ಟ್ ಬಿಗಿದಾಗ ಬೋರ್ 0.01ರಿಂದ 0.03 ಮಿ.ಮೀ. ಸೊಟ್ಟಗಾಗುವುದುಂಟು. ವಾಪಸ್ ಬಂದ ಬ್ಲಾಕನ್ನು ಮೂರು ಆಳದಲ್ಲಿ, ಎರಡು ದಿಕ್ಕಿನಲ್ಲಿ ನೀವೇ ಬೋರ್ ಗೇಜ್‌ನಲ್ಲಿ ನೋಡಿ. ಹೊಸ ಬೋರ್‌ನಲ್ಲಿ 0.01 ಮಿ.ಮೀ.ಗಿಂತ ಹೆಚ್ಚು ಏರುಪೇರು ಒಪ್ಪಬೇಡಿ.

ತೊಳೆಯುವುದು ಸೀಮೆಎಣ್ಣೆಯಿಂದಲ್ಲ, ಬಿಸಿ ಸೋಪುನೀರು ಮತ್ತು ಬ್ರಷ್‌ನಿಂದ. ಸೀಮೆಎಣ್ಣೆ ಹೋನಿಂಗ್ ಪುಡಿಯನ್ನು ಗೆರೆಗಳಲ್ಲೇ ಬಿಡುತ್ತದೆ, ಅದು ಹೊಸ ರಿಂಗುಗಳನ್ನು ಅರೆದು ಹಾಕುತ್ತದೆ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬೂದು ಬಣ್ಣ ಬಾರದಿರುವ ತನಕ ತೊಳೆದು, ಒಣಗಿಸಿ, ಕೂಡಲೇ ಆಯಿಲ್ ಸವರಿ.

ಮೇಲಿನ ರಿಂಗಿನ ಗ್ಯಾಪ್ ಟರ್ಬೊ ಇಲ್ಲದ್ದಕ್ಕೆ ಬೋರ್‌ನ 0.0045 ಪಾಲು, ಅಂದರೆ 0.36 ಮಿ.ಮೀ.; ಟರ್ಬೊಗೆ 0.0055 ಪಾಲು, 0.45 ಮಿ.ಮೀ. ಎರಡನೆಯ ರಿಂಗಿಗೆ ಇನ್ನೊಂದು 0.05 ಸೇರಿಸಿ. ಹೈಪರ್‌ಯುಟೆಕ್ಟಿಕ್ ಪಿಸ್ಟನ್‌ಗೆ ಇನ್ನೂ ದೊಡ್ಡ ಗ್ಯಾಪ್ ಕೇಳುವ ತಯಾರಕರಿದ್ದಾರೆ. ಅನುಮಾನವಿದ್ದರೆ ದೊಡ್ಡದಿರಲಿ: ದೊಡ್ಡ ಗ್ಯಾಪ್ ಸ್ವಲ್ಪ ಆಯಿಲ್ ತಿನ್ನುತ್ತದೆ, ಚಿಕ್ಕದು ಎಂಜಿನ್ನನ್ನೇ ತಿನ್ನುತ್ತದೆ. ರಿಂಗನ್ನು ಬೋರ್‌ಗಿಟ್ಟು ಪಿಸ್ಟನ್ ತಲೆಯನ್ನೇ ಬಳಸಿ 25 ಮಿ.ಮೀ. ಒಳಗೆ ನೇರವಾಗಿ ತಳ್ಳಿ ಫೀಲರ್ ಗೇಜ್ ಹಾಕಿ. ಒಂದೇ ತುದಿಯನ್ನು, ಹೊರಗಿನಿಂದ ಒಳಕ್ಕೆ ಅರ ಹೊಡೆದು, ಮುಳ್ಳು ತೆಗೆಯಿರಿ. ಜೋಡಿಸುವಾಗ ಜೇಡಿಮಣ್ಣಿಟ್ಟು ವಾಲ್ವ್-ಪಿಸ್ಟನ್ ಅಂತರ ನೋಡಿ: ಇನ್‌ಟೇಕ್ ಕಡೆ ಕನಿಷ್ಠ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5.

ರನ್-ಇನ್ ಮತ್ತು ಮರುಪರೀಕ್ಷೆ

ಮೊದಲು ಮಿನರಲ್ ಆಯಿಲ್. ಐಡಲ್‌ನಲ್ಲಿ ಬಿಟ್ಟು ಬಿಸಿ ಮಾಡಬೇಡಿ, ರಿಂಗು ಕೂರಲು ಲೋಡ್ ಬೇಕು. ಬೆಳಗಿನ ಜಾವ ನೈಸ್ ರಸ್ತೆಯ ಏರಿಳಿತ ಇದಕ್ಕೆ ಹೇಳಿ ಮಾಡಿಸಿದ್ದು: ಮೂರನೇ, ನಾಲ್ಕನೇ ಗೇರಿನಲ್ಲಿ ಬೂಸ್ಟ್ ಇಲ್ಲದೆ 2000ದಿಂದ 4000 ಆರ್‌ಪಿಎಂಗೆ ಏರಿಸಿ, ಆಕ್ಸಿಲರೇಟರ್ ಬಿಟ್ಟು ಎಂಜಿನ್ ಬ್ರೇಕಿಂಗ್‌ನಲ್ಲಿ ಇಳಿಸಿ. 50 ಕಿ.ಮೀ.ಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೆಯ ಫಿಲ್ಟರ್ ಕೊಯ್ದು ಮಡಿಕೆಗಳಲ್ಲಿ ಬೆಳ್ಳಿ ಚೂರು ಇದೆಯೇ ನೋಡಿ. ನಯವಾದ ಮಿನುಗು ಸಹಜ, ಉಗುರಿಗೆ ತಾಗುವ ಚೂರು ಸಹಜವಲ್ಲ. ಮತ್ತೆ 500ಕ್ಕೆ, ಆಮೇಲೆ 1500ಕ್ಕೆ ಬದಲಿಸಿ, ಅಲ್ಲಿಂದ ಸಿಂಥೆಟಿಕ್.

1500 ಕಿ.ಮೀ.ಗೆ ಬಿಸಿ ಎಂಜಿನ್ ಮೇಲೆ ಕಂಪ್ರೆಷನ್, ಲೀಕ್‌ಡೌನ್ ಎರಡನ್ನೂ ಮತ್ತೆ ಮಾಡಿ, ಸಿಲಿಂಡರ್‌ವಾರು ಅಂಕಿಗಳನ್ನು ಸಂದು, ರಿಂಗ್ ಗ್ಯಾಪ್‌ಗಳ ಜೊತೆ ಒಂದೇ ಹಾಳೆಯಲ್ಲಿ ಬರೆದು ಕಾರಿನಲ್ಲೇ ಇಡಿ. ಪೂರ್ತಿ ಬೂಸ್ಟ್ ಆ ಅಂಕಿ ಸರಿ ಬಂದ ಮೇಲೆ, ಅದೂ ಆಯಿಲ್ 80 ಡಿಗ್ರಿ ಮುಟ್ಟಿದ ನಂತರವೇ.